ಕಿಟಕಿಯಮ್ಮ

ಯಾಶ್, ೧೨ ನವೆಂಬರ್ ೧೯೨೯

ಪ್ರೀತಿಯ ಅಮ್ಮನಿಗೆ,

ನೀನು ಕಳಿಸಿದ ಉಪ್ಪು ಹಾಕಿದ ಹಂದಿಮಾಂಸ, ಒಣ ಪ್ಲಮ್ ಎರಡೂ ತಲುಪಿದವು. ಅವು ಒಂದು ಸಂಜೆಯೂ ಉಳಿಯಲಿಲ್ಲ, ಏಕೆಂದರೆ ಈಗ ನನ್ನದು ಎನ್ನುವ ಯಾವುದೂ ನನ್ನೊಬ್ಬನದಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಸೋದರ ದಂಡನ್ನು ಸೇರಿದ್ದೇನೆ.

ನಮ್ಮದು ಪಾರ್ಟಿಯಲ್ಲ ಅಮ್ಮ. ಪಾರ್ಟಿಗಳು ವೋಟು ಕೇಳುತ್ತವೆ, ನಾವು ಪ್ರಾಣ ಕೇಳುತ್ತೇವೆ. ಹತ್ತು ಹನ್ನೆರಡು ಜನರದು ಒಂದು ಗೂಡು. ಯುದ್ಧದಲ್ಲಿ ಸತ್ತವರ ನೆಲದಿಂದ ತಂದ ಮಣ್ಣನ್ನು ಚರ್ಮದ ಚೀಲದಲ್ಲಿ ಕಟ್ಟಿ ಕೊರಳಿಗೆ ಹಾಕುತ್ತಾರೆ. ಹಾಜರಿ ಕರೆಯುವಾಗ ಸತ್ತವರ ಹೆಸರನ್ನೂ ಕರೆಯುತ್ತಾರೆ, ಅವರ ಪರವಾಗಿ ನಾವು "ಇದ್ದೇನೆ" ಎನ್ನುತ್ತೇವೆ. ಮೊದಲ ದಿನ ಅದನ್ನು ಕೇಳಿ ನನಗೆ ಅಳು ಬಂತು. ಮೂರು ವರ್ಷ ಈ ಊರಿನಲ್ಲಿ ಹೇನು ಹತ್ತಿದ ಹಾಸಿಗೆಯಲ್ಲಿ ಮಲಗಿದವನನ್ನು, ಪರೀಕ್ಷೆಯಲ್ಲಿ ಎರಡು ಸಲ ಬಿದ್ದವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

ನನ್ನ ಹೆಸರು ಕೇಳಿದಾಗ ಗೂಡಿನ ಮುಖ್ಯಸ್ಥ ಒಕ್ತಾವ್ ಎದ್ದು ನಿಂತ. "ಲುಪು! ತೋಳ! ರೋಮನ್ನರು ಬರೋಕ್ಕೆ ಮುಂಚೆ ನಮ್ಮೋರು ತೋಳದ ತಲೆಯ ಬಾವುಟ ಹಿಡ್ಕೊಂಡು ಯುದ್ಧಕ್ಕೆ ಹೋಗ್ತಿದ್ರು ಕಣೋ. ನಿಮ್ಮ ಮನೇಲಿ ಆ ರಕ್ತ ಇನ್ನೂ ಬತ್ತಿಲ್ಲ" ಎಂದ. ಬಾವುಟ ಹೊರುವ ಕೆಲಸ ನನಗೇ ಕೊಟ್ಟ.

ಹೋದ ವಾರ ಕಾನೂನು ಕಾಲೇಜಿನಿಂದ ಯಹೂದಿಗಳನ್ನು ಹೊರಗೆ ಹಾಕಿದೆವು. ಹೆರ್ಷ್ಕು ಎಂಬವನು ಬೆಂಚು ಬಿಟ್ಟು ಏಳಲಿಲ್ಲ. ನಾನೇ ಅವನನ್ನು ಮೆಟ್ಟಿಲಿನ ಕಟಕಟೆಯ ಮೇಲಿಂದ ಎತ್ತಿ ಹಾಕಿದೆ. ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ ಎಲ್ಲರೂ ಹಾಡಲು ಶುರು ಮಾಡಿದರು. ನಿನ್ನ ಮಗ ಈಗ ಹೆದರುವವನಲ್ಲ.

ನಿನ್ನ ಮಗ,
ಲುಪು


ಬುಹಾಲ್ನಿ, ೨೫ ನವೆಂಬರ್ ೧೯೨೯

ಬಾವುಟ ಹೊರುವ ಮಗರಾಯನಿಗೆ,

ಹೆರ್ಷ್ಕು ಎಂದರೆ ಹೋದ ಚಳಿಗಾಲ ನಿನಗೆ ಜ್ವರ ಬಂದಾಗ ಪಾಠವೆಲ್ಲ ಬರೆದುಕೊಟ್ಟ ಹುಡುಗನಲ್ಲವೇ? ನೀನೇ ಬರೆದಿದ್ದೆ. ಅವನು ಬದುಕಿದ್ದಾನೋ ಇಲ್ಲವೋ, ಅದನ್ನು ಮಾತ್ರ ಬರೆಯಲಿಲ್ಲ. ಎಲೆಕೋಸು ಉಪ್ಪಿಗೆ ಹಾಕುವ ಕೆಲಸ ಮುಗಿಯದೆ ಪೀಪಾಯಿಗಳ ನಡುವೆ ಕೂತು ನಿನ್ನ ಕಾಗದ ಓದಿದೆ. ಹಾಕಿದ್ದು ಮರೆತು ಒಂದೇ ಪೀಪಾಯಿಗೆ ಎರಡು ಸಲ ಉಪ್ಪು ಸುರಿದೆ.

ಇನ್ನು ತೋಳದ ವಿಷಯ. ಚರ್ಚಿನ ಪುಸ್ತಕದಲ್ಲಿ ನಿನ್ನ ಹೆಸರು ತೊವಾದೆರ್. ಲುಪು ಎಲ್ಲಿಂದ ಬಂತೆಂದು ನಿನಗೆ ಚೆನ್ನಾಗಿ ಗೊತ್ತು, ಈಗ ಗೊತ್ತಿಲ್ಲದವನ ಹಾಗೆ ಆಡುತ್ತಿದ್ದೀಯೆ. ನಿನ್ನ ಮುಂಚಿನ ಇಬ್ಬರನ್ನು ಮಣ್ಣು ಮಾಡಿದ್ದೆ. ನೀನು ಎಂಟು ತಿಂಗಳ ಕೂಸು, ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದೆ. ಸೂಲಗಿತ್ತಿ ಹೇಳಿದಳು, "ಕಿಟಕೀಲಿ ಮಾರಿಬಿಡಮ್ಮ. ಮಗು ಸಾಯದೇ ಇರೋ ಮನೆಗೆ ಮಾರು. ಸಾವು ನಿನ್ನ ಮಗನ್ನ ಹುಡುಕ್ಕೊಂಡು ಬರತ್ತೆ, ಇಲ್ಲಿ ಇರೋದು ಬೇರೆಯವರ ಮಗ ಅಂತ ವಾಪಸ್ ಹೋಗತ್ತೆ."

ಮಗು ಸಾಯದ ಮನೆ ನಮ್ಮ ಬೀದಿಯಲ್ಲಿ ಒಂದೇ ಇತ್ತು, ಟೋಪಿ ಹೊಲಿಯುವ ರುಹ್ಲಾಳದು. ಪಾದ್ರಿಯ ಹೆಂಡತಿಯೇ ಮೂವರನ್ನು ಕಳೆದುಕೊಂಡಿದ್ದಳು. ರುಹ್ಲಾಳಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ, ಯಹೂದಿಗಳಲ್ಲೂ ಈ ರೂಢಿ ಇದೆ. ಕಿಟಕಿಯ ಕೆಳಗೆ ನಿಂತು, ಸಾವಿಗೆ ಕೇಳಲಿ ಎಂದು ಗಟ್ಟಿಯಾಗಿ ಕೂಗಿದಳು: "ಈ ಮನೇಲಿ ಮಾರೋಕೆ ಒಂದು ಮಗು ಇದೆಯಂತಲ್ಲ?" ನಾನು "ಇದೆ, ತಗೊಂಡು ಹೋಗು, ನನಗೆ ಬೇಡ" ಎಂದೆ. ಹಾಗೆನ್ನುವಾಗ ನನ್ನ ಎದೆ ಒಡೆದುಹೋಯಿತು. ಅವಳು ಒಂದು ತಾಮ್ರದ ಕಾಸು ಎಸೆದು ನಿನ್ನನ್ನು ಕಿಟಕಿಯಿಂದ ಎತ್ತಿಕೊಂಡಳು. "ಇನ್ಮೇಲೆ ಇವನು ನನ್ನ ಮಗ. ಇವನ ಹೆಸರು ತೋಳ. ಮುಟ್ಟೋರು ಮುಟ್ಟಿ ನೋಡ್ಲಿ!"

ಅದು ಅವಳ ಅಜ್ಜನ ಹೆಸರು. ನಿಮ್ಮ ಒಕ್ತಾವ್‌ಗೆ ಹೇಳು, ಆ ತೋಳ ಟೋಪಿ ಹೊಲಿಯುತ್ತಿದ್ದವನು, ಜನರಿಗೆ ಟೋಪಿ ಹಾಕುತ್ತಿದ್ದವನಲ್ಲ ಎಂದು.

ನಿನ್ನ ಅಮ್ಮ,
ಜಾಂಫಿರಾ


ಯಾಶ್, ೧೬ ಫೆಬ್ರವರಿ ೧೯೩೦

ಅಮ್ಮನಿಗೆ,

ಅಂಥ ಕಾಗದ ಇನ್ನೊಮ್ಮೆ ಬರೆಯಬೇಡ. ಇಲ್ಲಿ ಒಬ್ಬರ ಕಾಗದವನ್ನು ಇನ್ನೊಬ್ಬರು ಓದುತ್ತಾರೆ. ನಿನ್ನದನ್ನು ಒಲೆಗೆ ಹಾಕಿದೆ.

ಹೆರ್ಷ್ಕು ಬದುಕಿದ್ದಾನೆ, ಸೊಂಟ ಹೋಗಿದೆ. ಅವನು ಕೆಟ್ಟವನೆಂದು ನಾನು ಹೇಳಲಿಲ್ಲ. ಒಕ್ತಾವ್ ಹೇಳುವುದೂ ಅದನ್ನೇ. ಒಳ್ಳೆಯ ಯಹೂದಿಯೇ ಹೆಚ್ಚು ಅಪಾಯ, ಅವನು ನಮ್ಮ ಕೈ ಕಟ್ಟಿಹಾಕುತ್ತಾನೆ ಎಂದು. ಊರೂರಿನ ಅಂಗಡಿ, ಕಾಡು, ಬ್ಯಾಂಕು ಯಾರ ಕೈಯಲ್ಲಿವೆ, ನೋಡು. ರೈತನ ಮಗ ತನ್ನ ನೆಲದಲ್ಲೇ ಬಾಡಿಗೆದಾರ. ಈ ದೇಶ ಶುದ್ಧವಾಗಬೇಕಾದರೆ ಯಾರಾದರೂ ಪಾಪ ಹೊರಬೇಕು. ನಮ್ಮ ನಿಯಮ ಹೀಗಿದೆ: ಕೊಂದವನು ಓಡಿಹೋಗಬಾರದು. ತಾನೇ ಠಾಣೆಗೆ ಹೋಗಿ ಕೈ ಒಡ್ಡಬೇಕು. ಪಾಪ ಅವನದು, ಫಲ ದೇಶದ್ದು. ಕಳ್ಳರು ಹೀಗೆ ಮಾಡುತ್ತಾರೆಯೇ ಹೇಳು?

ಜನವರಿಯಲ್ಲಿ ಪೊಲೀಸರು ನಮ್ಮನ್ನು ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಅಂಗಾಲಿಗೆ ಹೊಡೆದರು. ನನ್ನ ಮುಂದಿನ ಎರಡು ಹಲ್ಲು ಹೋದವು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಒಕ್ತಾವ್ ತನ್ನ ಕೈಯಾರೆ ನನ್ನ ಕಾಲು ತೊಳೆದ.

ಸಂತ ಜಾರ್ಜರ ಹಬ್ಬಕ್ಕೆ ದಂಡು ಬುಹಾಲ್ನಿಗೆ ಬರುತ್ತದೆ. ನಾನು ಬಾವುಟ ಹಿಡಿದು ಮುಂದಿರುತ್ತೇನೆ. ಆ ದಿನ ರುಹ್ಲಾ ಬಾಗಿಲು ಹಾಕಿಕೊಂಡು ಒಳಗಿರಲಿ. ಇದನ್ನು ಅವಳಿಗೆ ಹೇಳು, ಆದರೆ ನಾನು ಹೇಳಿದೆ ಎಂದು ಹೇಳಬೇಡ.

ಲುಪು


ಬುಹಾಲ್ನಿ, ೨೭ ಏಪ್ರಿಲ್ ೧೯೩೦

ಲುಪು,

ನಾನು ಹೇಳಿದ್ದೆ. ಅವಳು ಕೇಳುವವಳಲ್ಲ. "ನನ್ನ ಮಗ ಊರಿಗೆ ಬರ್ತಾನೆ, ನಾನು ಬಾಗಿಲು ಹಾಕ್ಕೊಂಡು ಕೂರ್ಲಾ? ಹೋಗೇ ಜಾಂಫಿರಾ!" ಎಂದು ಬೆಳಿಗ್ಗೆಯಿಂದ ಗಸಗಸೆ ರೊಟ್ಟಿ ಬೇಯಿಸಿದಳು.

ನೀವು ಪೇಟೆಗೆ ನುಗ್ಗಿದಾಗ ನಾನು ಅಲ್ಲೇ ಎಲೆಕೋಸು ಮಾರುತ್ತಾ ಪೀಪಾಯಿಗಳ ಹಿಂದೆ ಇದ್ದೆ. ಔಷಧಿ ಅಂಗಡಿಯ ಗಾಜು ಪುಡಿಯಾಯಿತು. ರುಹ್ಲಾಳ ಅಳಿಯ ಮೊಯ್ಷೆಯನ್ನು ನಿನ್ನ ಸೋದರರಿಬ್ಬರು ಹಿಡಿದು ಗಡ್ಡ ಕಿತ್ತರು. ಅರ್ಧ ಗಡ್ಡ ಚರ್ಮದ ಸಮೇತ ಬಂತು. ಪೇದೆ ಗೋಡೆಯ ಕಡೆ ತಿರುಗಿ ಸಿಗರೇಟು ಹಚ್ಚಿದ. ಜನ ಕೈ ಮುಗಿದು ನೋಡುತ್ತಿದ್ದರು, ದೇವರ ಮೆರವಣಿಗೆ ನೋಡುವವರ ಹಾಗೆ. ಆಗ ಅವಳು ರೊಟ್ಟಿಯ ಬುಟ್ಟಿ ಹಿಡಿದು ಬೀದಿಗೆ ಇಳಿದಳು.

"ಲುಪೂ! ಅಯ್ಯೋ, ಎಷ್ಟು ಬಡವಾಗಿದ್ದೀಯೋ! ಈ ಕೋಲು ಹೊರೋಕೆ ಇವರಿಗೆ ಬೇರೆ ಯಾರೂ ಸಿಗ್ಲಿಲ್ವಾ?"

ಒಕ್ತಾವ್ ಕುದುರೆ ನಿಲ್ಲಿಸಿ "ಯಾರೋ ಇವಳು?" ಎಂದ. ನೀನು "ಗೊತ್ತಿಲ್ಲ" ಎಂದೆ. ನನಗೆ ಕೇಳಿಸಿತು.

"ಗೊತ್ತಿಲ್ವಂತೆ! ನಾನು ಇವನ ಕಿಟಕಿಯಮ್ಮ ಕಣಪ್ಪಾ. ಸಾವಿನ ಬಾಯಿಂದ ಕೊಂಡ್ಕೊಂಡಿರೋದು ಇವನ್ನ" ಎಂದು ಅವಳು ನಕ್ಕಳು. ಚರ್ಚಿನ ಗಂಟೆ ಬಾರಿಸುವ ಯೋನ್ ಬೆಳಿಗ್ಗೆಯೇ ಕುಡಿದಿದ್ದ. ಅವನು ನಡುವೆ ನುಗ್ಗಿ "ಹೌದು ಬುದ್ಧೀ, ಮಾರಿದ್ದು ನಾನೇ ನೋಡಿದೀನಿ, ಇವನು ರುಹ್ಲಾನ ಮಗ!" ಎಂದು ಕೂಗಿದ. ಪೇಟೆಯೆಲ್ಲ ನಕ್ಕಿತು. ನಿನ್ನ ದಂಡಿನವರೂ ನಕ್ಕರು. ನೀನು ಬಾವುಟದ ಕೋಲು ತಿರುಗಿಸಿ ಅವಳ ಹೆಗಲಿಗೆ ಹೊಡೆದೆ. ಮೂಳೆ ಮುರಿದ ಸದ್ದು ನನ್ನ ತನಕ ಬಂತು.

ಮೂಳೆ ಕಟ್ಟುವವನು ಬಂದು ಅವಳ ಕೈ ಕಟ್ಟಿಹೋಗಿದ್ದಾನೆ. ಕಟ್ಟುವಾಗ ನೋವಿಗೆ ತುಟಿ ಕಚ್ಚಿಕೊಂಡು ನನಗೆ ಹೇಳಿದ್ದೇನು ಗೊತ್ತೇ? "ಅವನ ಹಲ್ಲು ಯಾವಾಗ ಹೋದ್ವೇ? ನನಗೆ ಯಾಕೆ ಹೇಳ್ಲಿಲ್ಲ?" ನಾಚಿಕೆಯಿಂದ ನನಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ, ಹೇಸಿಗೆಯೂ ಇದೆ. ನೀನು ಬಂದು ಅವಳ ಕಾಲು ಹಿಡಿಯುವವರೆಗೆ ಅದು ಹೋಗುವುದಿಲ್ಲ.

ಅಮ್ಮ


ಯಾಶ್, ೯ ಜೂನ್ ೧೯೩೦

ಅಮ್ಮ,

ಕಾಲು ಹಿಡಿಯುವ ಮಾತು ಬಿಡು. ನನ್ನ ಪ್ರಾಣದ ವಿಷಯ ಬರೆಯುತ್ತಿದ್ದೇನೆ.

ಗೂಡಿನಲ್ಲಿ ನನ್ನ ವಿಚಾರಣೆಯಾಯಿತು. ಉಳಿದವರು ನಕ್ಕರು, "ರುಹ್ಲಾನ ಮಗ" ಎಂದು ಕರೆದರು. ಒಕ್ತಾವ್ ನಗಲಿಲ್ಲ, ಅದಕ್ಕೇ ನನಗೆ ಭಯವಾಯಿತು. ನಾನು ಹೇಳಿದೆ, ಅದು ಮುದುಕಿಯರ ಮೂಢನಂಬಿಕೆ, ನನ್ನ ರಕ್ತ ಶುದ್ಧ ಎಂದು. ಅವನು ಎದ್ದು ನನ್ನ ಬಾಯಿಗೆ ಹೊಡೆದ.

"ಮೂಢನಂಬಿಕೆ ಅಂತೀಯಾ? ರೂಢಿ ಅಂದ್ರೆ ಸತ್ತೋರು ಬರೆದ ಕಾನೂನು. ಪಾರ್ಲಿಮೆಂಟಿನ ಕಾನೂನಿನ ಮೇಲೆ ನಾವು ಉಗೀತೀವಿ. ಇದರ ಮೇಲೆ ಉಗಿದ್ರೆ ನಮಗೂ ಆ ವಕೀಲರಿಗೂ ಏನು ವ್ಯತ್ಯಾಸ? ಮಾರಿದ್ದು ಮಾರಿದ್ದೇ. ನೀನು ಅವಳವನು. ಬಿಡಿಸ್ಕೊಂಡು ಬಾ, ಇಲ್ಲಾ ಸಾಯಿ."

ಆಮೇಲೆ ಎಲ್ಲರೂ ಬೆಲ್ಟು ಬಿಚ್ಚಿದರು. ಬೆನ್ನ ಮೇಲೆ ಮಲಗಲಾಗದೆ ಬೋರಲು ಮಲಗಿ ಇದನ್ನು ಬರೆಯುತ್ತಿದ್ದೇನೆ. ಓಡಿಹೋಗು ಎನ್ನಬೇಡ. ದಂಡು ಬಿಟ್ಟ ಗವ್ರಿಲ್‌ನ ಹೆಣ ಹೊಳೆಯಲ್ಲಿ ಸಿಕ್ಕಿತು, ಮುಖ ಇರಲಿಲ್ಲ.

ಬಿಡಿಸಿಕೊಳ್ಳುವ ದಾರಿ ನಿನಗೆ ಗೊತ್ತು. ಅದೇ ಕಿಟಕಿಯಲ್ಲಿ ಅವಳು "ತಗೋ, ನಿನ್ನ ಮಗ" ಎಂದು ಸಾಕ್ಷಿಗಳ ಎದುರು ಹೇಳಬೇಕು, ನೀನು "ತಗೊಂಡೆ" ಎನ್ನಬೇಕು. ಅಷ್ಟೇ ಅಮ್ಮ, ಎರಡು ಮಾತು. ಅವಳನ್ನು ಒಪ್ಪಿಸು. ಕೈ ಮುಗಿದು ಕೇಳುತ್ತೇನೆ.

ಲುಪು


ಬುಹಾಲ್ನಿ, ೨ ಜುಲೈ ೧೯೩೦

ಮಗಾ,

ಹೋಗಿ ಕೇಳಿದೆ. ನಿನ್ನ ಬೆನ್ನಿನ ವಿಷಯವನ್ನೂ ಹೇಳಿದೆ. ಅವಳು ಸೂಜಿ ಕೆಳಗಿಟ್ಟಳು. ಒಂದೇ ಕೈಯಲ್ಲಿ ಹೊಲಿಯುವುದನ್ನು ಈಗ ಕಲಿತಿದ್ದಾಳೆ.

"ಕೊಡಲ್ಲ" ಎಂದಳು.

"ಹಟ ಮಾಡಬೇಡ್ವೇ ರುಹ್ಲಾ. ಅವರು ಕೊಂದುಹಾಕ್ತಾರೆ."

"ಹಟ ಅಲ್ಲ ಕಣೇ. ಮದುವೆ ಹಿಂದಿನ ದಿನ ಮಾತ್ರ ವಾಪಸ್ ಕೊಡಬೇಕು ಅನ್ನೋದು ನಿನಗೂ ಗೊತ್ತು. ಆಮೇಲೆ ಅವನ್ನ ಕಾಯೋಕೆ ಹೆಂಡತಿ ಬರ್ತಾಳೆ. ಈಗ ಕೊಟ್ಟೆ ಅನ್ನು, ಅವತ್ತು ಹೊಸ್ತಿಲಿಂದ ವಾಪಸ್ ಹೋಯ್ತಲ್ಲ, ಅದು ನಾಳೇನೇ ಬರತ್ತೆ. ಬರ್ಲಿ, ಒಂದು ಹುಡುಗಿ ಕರ್ಕೊಂಡು ಬರ್ಲಿ ಮುಂಡೇದು. ಎಂಥವಳಾದ್ರೂ ಸರಿ. ನಾನೇ ಕುಣೀತಾ ತಂದು ಕೊಡ್ತೀನಿ. ಅಲ್ಲಿ ತನಕ ಅವನು ನನ್ನವನು."

"ಅವನು ನಿನ್ನ ಮೂಳೆ ಮುರಿದಿದಾನೆ."

"ಮಕ್ಕಳು ಒದೆಯಲ್ವಾ?" ಎಂದಳು.

ನಾನು ಅವಳನ್ನು ಬಲವಂತ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳು ಒಲ್ಲೆನೆಂದಾಗ ನನಗೆ ಉಸಿರು ಬಂದ ಹಾಗಾಯಿತು. ಎರಡು ಕೂಸುಗಳನ್ನು ನನ್ನ ಕೈಯಾರೆ ಪೆಟ್ಟಿಗೆಯಲ್ಲಿಟ್ಟವಳು ನಾನು. ಅವಳು ಹೇಳಿದ್ದರಲ್ಲಿ ನನಗೆ ನಂಬಿಕೆಯಿದೆ, ನಿನಗಿಲ್ಲದಿದ್ದರೆ ಬೇಡ. ನೀನು ಹೊಳೆ ದಾಟಿ ನನ್ನ ತಮ್ಮನ ಊರಿಗೆ ಹೋಗು. ದಂಡಿನವರಿಗೆ ಅಲ್ಲಿ ಬಳಕೆಯಿಲ್ಲ. ಇಲ್ಲಿಗೆ ಮಾತ್ರ ಬರಬೇಡ.

ನಿನ್ನ ಅಮ್ಮ


ಯಾಶ್ ಜೈಲು, ೧೪ ಸೆಪ್ಟೆಂಬರ್ ೧೯೩೦

ಅಮ್ಮ,

ಎರಡು ತಿಂಗಳಿಂದ ನೀನು ಬರೆದಿಲ್ಲ, ನೋಡಲೂ ಬಂದಿಲ್ಲ. ಊರಿನಲ್ಲಿ ಜನ ಏನೇನೋ ಹೇಳಿರುತ್ತಾರೆ. ಆದದ್ದನ್ನು ನನ್ನಿಂದಲೇ ಕೇಳು.

ಜುಲೈಯಲ್ಲಿ ನಾವು ನಾಲ್ವರು ಮಧ್ಯಾಹ್ನದ ರೈಲಿನಲ್ಲಿ ಬುಹಾಲ್ನಿಗೆ ಬಂದೆವು. ನೀನು ಸಂತೆಗೆ ಹೋಗಿದ್ದೆ. ಅವಳು ತನ್ನ ಕಿಟಕಿಯ ಹತ್ತಿರ ಕೂತು ಹೊಲಿಯುತ್ತಿದ್ದಳು. ನಾನು ಕೆಳಗೆ ನಿಂತು "ನನ್ನನ್ನ ವಾಪಸ್ ಕೊಡು" ಎಂದೆ. ಒಕ್ತಾವ್ ಹಿಂದೆ ನಿಂತಿದ್ದ. ಅವಳು ಅವರೆಲ್ಲರ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು, ಆದರೂ ಹೆದರಲಿಲ್ಲ. "ಮೊದಲು ಒಳಗೆ ಬಂದು ಊಟ ಮಾಡು, ಇವರನ್ನೂ ಕರಿ" ಎಂದಳು. ಮೂರು ಸಲ ಕೇಳಿದೆ. "ಕೊಡಲ್ಲ ಕಂದಾ, ಕೊಟ್ರೆ ಸಾಯ್ತೀಯ" ಎಂದಳು. ಹಿಂದೆ ಯಾರೋ ನಕ್ಕರು. ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಹಣೆ ಮುಟ್ಟಿದಳು, ಜ್ವರ ಇದೆಯೇ ಎಂದು ನೋಡುವವಳ ಹಾಗೆ. ಆಗ ಹಾರಿಸಿದೆ. ಗುಂಡು ಅವಳ ಕುತ್ತಿಗೆಗೆ ತಾಗಿ ರಕ್ತ ನನ್ನ ಬಾಯೊಳಗೂ ಬಿತ್ತು. ಎರಡನೆಯದು ಬೇಕಿರಲಿಲ್ಲ, ಆದರೂ ಹಾರಿಸಿದೆ.

ನಾನೇ ನಡೆದುಹೋಗಿ ಠಾಣೆಯಲ್ಲಿ ಪಿಸ್ತೂಲು ಇಟ್ಟೆ. ಈಗ ನಾನು ದಂಡಿನಲ್ಲಿ ದೊಡ್ಡವನು. ಹುಡುಗಿಯರು ಜೈಲಿಗೆ ಹೂವು ಕಳಿಸುತ್ತಾರೆ, ನಲವತ್ತು ವಕೀಲರು ಬಿಟ್ಟಿ ವಾದಿಸಲು ಮುಂದೆ ಬಂದಿದ್ದಾರೆ. ಜೂರಿಯವರು ನಮ್ಮವರೇ. ಯಹೂದಿ ಸತ್ತ ಮೊಕದ್ದಮೆಗಳಲ್ಲಿ ನಮ್ಮ ಹುಡುಗರೆಲ್ಲ ಬಿಡುಗಡೆಯಾಗಿದ್ದಾರೆ.

ಒಂದೇ ತೊಡಕು. ಆ ಕಿಟಕಿಯ ಕತೆಯನ್ನು ಸರ್ಕಾರಿ ವಕೀಲ ಎತ್ತಬಹುದು. ಜೂರಿಯಲ್ಲಿ ಅಂಥದ್ದನ್ನು ನಂಬುವ ಹಳ್ಳಿಯವರಿದ್ದಾರೆ. ಅದಕ್ಕೆ ನೀನು ಬರಬೇಕು. "ಇವನು ನನ್ನ ಮಗ, ನಾನು ಹೆತ್ತವಳು, ಆ ಹೆಂಗಸಿಗೆ ಇವನ ಮೇಲೆ ಹಕ್ಕಿರಲಿಲ್ಲ" ಎಂದು ಹೇಳಿದರೆ ಸಾಕು. ನೀನು ಸುಳ್ಳು ಹೇಳಬೇಕಿಲ್ಲ. ನಾನು ನಿನ್ನ ಮಗನಲ್ಲವೇ? ನಿದ್ದೆ ಬಂದಾಗಲೆಲ್ಲ ಯಾರೋ ಹಣೆ ಮುಟ್ಟಿದ ಹಾಗಾಗಿ ಎಚ್ಚರವಾಗುತ್ತದೆ. ನನ್ನನ್ನು ಇಲ್ಲಿಂದ ಬಿಡಿಸಿಕೊಂಡು ಹೋಗು ಅಮ್ಮ.

ನಿನ್ನ ಮಗ,
ಲುಪು


ಬುಹಾಲ್ನಿ, ೭ ಡಿಸೆಂಬರ್ ೧೯೩೦

ಲುಪು,

ಶಿಕ್ಷೆಯ ದುಡಿಮೆಗೆ ಉಪ್ಪಿನ ಗಣಿಗೆ ನಿನ್ನನ್ನು ಕರೆದೊಯ್ದರೆಂದು ಪೇದೆ ಹೇಳಿದ. ಕಟಕಟೆಯಲ್ಲಿ ನಿಂತು ನೀನು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಮೇಲಿದೆ. ಕೋರ್ಟಿನಲ್ಲಿ ನಾನು ಹಾಗೇಕೆ ಹೇಳಿದೆ ಎಂದು ನಿನಗೆ ತಿಳಿಯಬೇಕು.

ಕೋರ್ಟಿನ ಅಂಗಳದಲ್ಲಿ ನಿಮ್ಮವರು ನನ್ನ ಕೈಗೆ ಮುತ್ತಿಟ್ಟರು, ವೀರಮಾತೆ ಎಂದರು, ಕೊರಳಿಗೆ ದಂಡಿನ ರಿಬ್ಬನ್ನು ಕಟ್ಟಿದರು. ಜೂರಿಯ ಬೆಂಚಿನಲ್ಲೂ ಅದೇ ರಿಬ್ಬನ್ನುಗಳು ಕಂಡವು. ನಾನು ಒಳಗೆ ಹೋಗುವವರೆಗೂ ನೀನು ಹೇಳಿಕೊಟ್ಟದ್ದನ್ನೇ ಬಾಯಿಪಾಠ ಮಾಡುತ್ತಿದ್ದೆ. ಸುಳ್ಳಲ್ಲ. ನಿನ್ನನ್ನು ಮನೆಗೆ ಕರೆದುಕೊಂಡು ಹೋಗಲೆಂದೇ ಬಂದಿದ್ದೆ, ಬದಲು ಅಂಗಿಯನ್ನೂ ತಂದಿದ್ದೆ.

ಅಷ್ಟರಲ್ಲಿ ನಿಮ್ಮ ದೊಡ್ಡ ವಕೀಲ ಭಾಷಣ ಶುರು ಮಾಡಿದ. ಜನರ ರೂಢಿಯೇ ನಮ್ಮ ಶಾಸನ, ಅಜ್ಜ ಮುತ್ತಜ್ಜಂದಿರ ಮಾತೇ ನಮ್ಮ ಕೋರ್ಟು, ಪಟ್ಟಣದ ಪುಸ್ತಕಗಳಲ್ಲ ಎಂದ. ಹಳ್ಳಿಯವರು ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿದ. "ಹೇಳಿ ತಾಯೀ, ಹೆದರಬೇಡಿ. ಈ ಹುಡುಗ ಯಾರ ಮಗ?"

"ಅವಳ ಮಗ" ಎಂದೆ.

"ಯಾರ ಮಗ?"

"ಇವನು ಕೊಂದನಲ್ಲ, ಅವಳ ಮಗ. ನಾನು ಕಿಟಕೀಲಿ ಮಾರಿದೆ. ಅವಳು ಹೆಸರಿಟ್ಟು ಎತ್ಕೊಂಡ್ಳು. ವಾಪಸ್ ಕೇಳಿದ್ವಿ, ಕೊಡ್ಲಿಲ್ಲ. ನಾನು ತಗೊಂಡಿಲ್ಲ. ನೀವು ಹೇಳಿದ್ರಲ್ಲ ಸ್ವಾಮಿ, ರೂಢೀನೇ ಶಾಸನ ಅಂತ. ಹಾಗಾದ್ರೆ ಬರ್ಕೊಳ್ಳಿ, ಇವನು ಹೆತ್ತಮ್ಮನ ಸಮಾನದವಳನ್ನ ಕೊಂದಿದಾನೆ."

ಆಗ ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ಗಿರಣಿಯವನು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ರಿಬ್ಬನ್ನು ಬಿಚ್ಚಿ ಜೇಬಿಗೆ ಹಾಕಿದ. ಅವನ ಮಕ್ಕಳಲ್ಲೂ ಯಾರನ್ನೋ ಮಾರಿರಬೇಕು. ಯಹೂದಿಯನ್ನು ಕೊಂದವನನ್ನು ಅವರು ಬಿಡುತ್ತಿದ್ದರು. ತಾಯಿಯನ್ನು ಕೊಂದವನನ್ನು ಬಿಟ್ಟು ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು?

ಹೊರಗೆ ನಿಮ್ಮವರು ನನ್ನನ್ನು ಕೆಡವಿ ಒದ್ದರು. ಪಕ್ಕೆಲುಬು ಮುರಿದಿದೆ, ಉಸಿರೆಳೆದರೆ ನೋಯುತ್ತದೆ. ಅದಿರಲಿ.

ಸಿಟ್ಟಿಗೆ ಹೇಳಿದೆ ಎಂದುಕೊಳ್ಳಬೇಡ. ಸಿಟ್ಟಿತ್ತು, ಈಗಲೂ ಇದೆ. ಆದರೆ ವಕೀಲ ಕೇಳಿದ ಗಳಿಗೆಯಲ್ಲಿ ನನಗೆ ಹೆದರಿಕೆಯೇ ಹೆಚ್ಚಾಗಿತ್ತು. ನನ್ನ ಮಗ ಎಂದಿದ್ದರೆ ಅಷ್ಟು ಜನರ ಎದುರು ನಿನ್ನನ್ನು ವಾಪಸು ತೆಗೆದುಕೊಂಡ ಹಾಗೆ ಆಗುತ್ತಿತ್ತು. ರುಹ್ಲಾ ಪ್ರಾಣ ಹೋದರೂ ಕೊಡದಿದ್ದದ್ದನ್ನು ನಾನು ಕದ್ದ ಹಾಗೆ. ನೀನು ಹೂಮಾಲೆ ಹಾಕಿಕೊಂಡು ಹೊರಗೆ ಬರುತ್ತಿದ್ದೆ, ಆಮೇಲೆ ಒಂದು ವರ್ಷವೂ ಬದುಕುತ್ತಿರಲಿಲ್ಲ. ಗಣಿಯಲ್ಲಾದರೂ ಬದುಕಿರು. ನೀನು ಅವಳವನಾಗಿರುವವರೆಗೆ ಸಾಯುವುದಿಲ್ಲ. ನಾನು ಇದನ್ನು ನಂಬುತ್ತೇನೆ.

ಯಹೂದಿಗಳಲ್ಲಿ ತಾಯಿ ಸತ್ತರೆ ಮಗನಾದವನು ಹನ್ನೊಂದು ತಿಂಗಳು ದಿನವೂ ಪ್ರಾರ್ಥನೆ ಹೇಳಬೇಕಂತೆ. ರುಹ್ಲಾಳಿಗೆ ನಾಲ್ವರೂ ಹೆಣ್ಣುಮಕ್ಕಳು. ಪ್ರಾರ್ಥನೆ ಹೇಳಲು ಅವರ ಪ್ರಾರ್ಥನಾ ಮಂದಿರದ ಮುದುಕನೊಬ್ಬನನ್ನು ಗೊತ್ತು ಮಾಡಲು ದೊಡ್ಡವಳು ಫೈಗಾ ಹೋದಾಗ ನಾನೂ ಜೊತೆಗಿದ್ದೆ. ಬರಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಮುದುಕ ಕೇಳಿದ, "ಗಂಡು ಮಕ್ಕಳಿಲ್ವೇನಮ್ಮ ಅವಳಿಗೆ?"

ಫೈಗಾ ನನ್ನ ಮುಖ ನೋಡದೆ ಹೇಳಿದಳು, "ಒಬ್ಬ ಇದಾನೆ. ಜೈಲಲ್ಲಿದಾನೆ."

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಉಪ್ಪು ಕಾಲಿನ ಚರ್ಮ ತಿನ್ನುತ್ತದಂತೆ. ಮತ್ತೆ ಬರೆಯುತ್ತೇನೆ.

ನಿನ್ನ ತಾಯಿಯ ಪಕ್ಕದ ಮನೆಯವಳು,
ಜಾಂಫಿರಾ